ಳು ಮುಗಿದ ದಿನ

ಸೊಲ್ಲಾಪುರದ ಜೋಡಬಸವಣ್ಣ ಚೌಕದ ಹಿಂದೆ
ಚಾದರದ ಗಿರಣಿಗೆ ಬೆನ್ನು ಕೊಟ್ಟು ಕೂತ
ದತ್ತೋಬಾನ ಪ್ರೆಸ್ಸಿನಲ್ಲಿ
ಕನ್ನಡದ ಮೊಳೆ ಇದ್ದದ್ದು ಒಂದೇ ಪೆಟ್ಟಿಗೆ,
ಹುಬ್ಬಳ್ಳಿಯಿಂದ ಅವನಪ್ಪ ತೂಕದ ಲೆಕ್ಕದಲ್ಲಿ ತಂದದ್ದು.
ಅದರಲ್ಲಿ ನು ತುಂಬಿ ತುಳುಕುತ್ತಿತ್ತು:
ವರನು, ಮಗನು, ಯಜಮಾನನು, ದೇವನು.
ಲಗ್ನಪತ್ರಿಕೆಯ ಹೆಣ್ಣಿಗೆ ಚಿ. ಸೌ. ಸಾಕು,
ಳು ಬೇಕಾಗುವುದಿಲ್ಲ.
ಆ ಮನೆಯಲ್ಲಿ ಇದ್ದವು ನಲವತ್ತೇಳು ಮೊಳೆ.
ಎಣಿಸಿದವಳು ನಾನು, ಪ್ರೂಫ್ ನೋಡುವವಳು.

ದತ್ತೋಬಾಗೆ ಕನ್ನಡ ಓದಲು ಬಾರದು,
ಆಕಾರ ನೋಡಿ ಜೋಡಿಸುತ್ತಿದ್ದ.
ಳು ಅವನ ಬಾಯಲ್ಲಿ ‘ಶೇಪಟಿವಾಲಿ’, ಬಾಲದಾಕೆ.

ನಮ್ಮ ಮೊದಲ ಪುಸ್ತಕ
ನರಸೂಬಾಯಿ ಚಿಟ್ಯಾಲ ಹೇಳಿದ್ದು,
ಇರಾವತಿ ಹತ್ತೂರೆ ಬರೆದುಕೊಂಡದ್ದು.
ಹೇಳುವಾಗಲೂ ನರಸೂಬಾಯಿಯ ಕೈ ನಿಲ್ಲುತ್ತಿರಲಿಲ್ಲ,
ಮೊರದ ಮೇಲೆ ಸಾವಿರ ಬೀಡಿಗೆ ಒಂದು ಅಧ್ಯಾಯ.
ತನ್ನ ಕತೆಗೂ ಅವಳು ‘ನಾನು’ ಎನ್ನಲಿಲ್ಲ.
ಎಂದಿದ್ದರೆ ನು ಇತ್ತಲ್ಲ, ಬೇಕಾದಷ್ಟು.
ಪಕ್ಕದ ಮನೆಯ ಸುದ್ದಿ ಎಂಬಂತೆ ಹೇಳಿದಳು:
ಅವಳು ಎದ್ದಳು, ಎಲೆ ನೆನೆಸಿದಳು, ಕತ್ತರಿಸಿದಳು,
ಸುತ್ತಿದಳು, ಎಣಿಸಿದಳು.
ಒಂದು ಉಸಿರಿಗೆ ಆರು ಳು.

ಎರಡನೆಯ ಪುಟದ ನಡುವೆ ದತ್ತೋಬಾ ಕೈಯೆತ್ತಿದ.
“ಬಾಯೀ, ಶೇಪಟಿವಾಲಿ ಸಂಪಲೀ.”
ಬಾಲದಾಕೆ ಮುಗಿದಳು.

ಇರಾವತಿ ಕಾಲೇಜಿನವಳು.
ಕನ್ನಡಕ ಒರೆಸಿ, ಮೆಲ್ಲಗೆ,
“ಅವಳು ಅನ್ನೋದನ್ನ ಅವರು ಮಾಡೋಣ.
ರು ರಾಶಿ ಬಿದ್ದಿದೆ. ಮರ್ಯಾದೆಯೂ ಆಯಿತು” ಅಂದಳು.

ನರಸೂಬಾಯಿ ತಂಬಾಕಿನ ಕೈ ಸೆರಗಿಗೆ ಒರೆಸಿಕೊಂಡಳು.
“ನನಗ ಇಲ್ಲೀತನಕ ಯಾರೂ ‘ಅವರು’ ಅಂದಿಲ್ರೀ.
ಪುಸ್ತಕದಾಗ ಅಂದ್ರ ಸುಳ್ಳ ಆಗ್ತದ.”

ಆ ಮಾತಿಗೆ ಪ್ರೆಸ್ಸಿನ ಚಕ್ರ ನಿಂತಿತು ಎಂದು ಬರೆಯಬಹುದಿತ್ತು.
ನಿಲ್ಲಲಿಲ್ಲ. ಯಾರದೋ ತೊಟ್ಟಿಲ ಕಾರ್ಯದ ಕಾರ್ಡು ಓಡುತ್ತಿತ್ತು.

ಆಮೇಲೆ ನಾಲ್ಕು ತಿಂಗಳು
ಎರಡೆರಡೇ ಪುಟ ಅಚ್ಚು ಹಾಕಿ, ಬಿಚ್ಚಿ,
ಘಾಸಲೇಟಿನಲ್ಲಿ ತೊಳೆದು, ಮತ್ತೆ ಜೋಡಿಸಿ.
ಮುನ್ಸಿಪಾಲ್ಟಿ ಶಾಲೆಯಲ್ಲಿ ಹನ್ನೆರಡು ವರ್ಷ
ವ್ಯಾಕರಣ ಕಲಿಸಿದವಳಿಗೆ ಆಗ ತಿಳಿಯಿತು,
ಅವಳಿಗೂ ಬಹುವಚನಕ್ಕೂ ಒಂದೇ ಮನೆ.
ಬೆರಳುಗಳು, ಕೂಲಿಗಳು, ಕೆಮ್ಮುಗಳು
ಅವಳ ಪಾಲಿನ ಮೊಳೆಯನ್ನೇ ಕೇಳುತ್ತಿದ್ದವು.
ಸೋಮವಾರ ‘ಅತ್ತಳು’ ಎಂಬಲ್ಲಿದ್ದ ಮೊಳೆ
ಗುರುವಾರ ‘ನಕ್ಕಳು’ ಎಂಬುದರ ತುದಿಗೆ ಬರುತ್ತಿತ್ತು,
ಕೊಂಚ ಸವೆದು.

ಪಾವತಿ ಬರೆಯುವಾಗ ದತ್ತೋಬಾ ಹೆಸರು ಕೇಳಲಿಲ್ಲ.
ಮರಾಠಿಯಲ್ಲಿ ‘ಬಾಯಕಾ’ ಎಂದು ಗೀಚಿದ, ಹೆಂಗಸರು ಅಂತ.
ಹಲೀಮಾ ನದಾಫ ದೀರ್ಘ ನುಂಗಿ ಓದಿದಳು: ಬಯಕೆ.
ಇರಲಿ ಬಿಡು ಅಂದೆವು. ಬಯಕೆ ಪ್ರಕಾಶನ.
ಮುನ್ನೂರು ಪ್ರತಿ. ಅಕ್ಕಲಕೋಟೆಯ ತನಕ
ಬಳೆಯ ಬುಟ್ಟಿಯಲ್ಲಿಟ್ಟು ಹಲೀಮಾ ಮಾರಿದಳು.
ಒಬ್ಬಾಕೆ ಮಾತ್ರ ಹಿಂದಕ್ಕೆ ಕಳಿಸಿದಳಂತೆ,
“ಇದರಾಗ ನನ್ನ ಗಂಡನ ಹೆಸರು ಐತಿ.”
ಇರಲಿಲ್ಲ. ನಾವು ಮತ್ತೆ ಮತ್ತೆ ನೋಡಿದೆವು.

ಈಗ ಆ ಪ್ರೆಸ್ಸಿನ ಜಾಗದಲ್ಲಿ ಮೊಬೈಲ್ ರಿಪೇರಿ.
ಮೊಳೆಗಳನ್ನು ಮಗ ಗುಜರಿಗೆ ಹಾಕಿದ.

ಹೋದ ವರ್ಷ ಧಾರವಾಡದಿಂದ ಸಂಶೋಧಕಿಯೊಬ್ಬಳು ಬಂದಳು,
ಅರವತ್ತನೆಯ ಪುಟಕ್ಕೆ ಹಳದಿ ಚೀಟಿ ಅಂಟಿಸಿಕೊಂಡು.
“ಇಲ್ಲಿ ಅವಳು ‘ಅವಲು’ ಆಗಿದ್ದಾಳೆ, ಬಂದಳು ‘ಬಂದಲು’.
ಇದು ಗಡಿಯ ನುಡಿಯೋ, ವ್ಯಾಕರಣದ ವಿರುದ್ಧ ಬಂಡಾಯವೋ?
ಒಂದು ಅಧ್ಯಾಯವನ್ನೇ ಬರೆದಿದ್ದೇನೆ, ಮೇಡಂ.”

“ಮೊಳೆ ಸಾಲಲಿಲ್ಲಮ್ಮ” ಅಂದೆ.
“ಅವತ್ತು ಆಸೆಬಿದ್ದು ಮೂರು ಪುಟ ಒಟ್ಟಿಗೇ ಕಟ್ಟಿದ್ದೆವು.”

ಮುಖ ಸಣ್ಣದು ಮಾಡಿಕೊಂಡು
ಅಧ್ಯಾಯದ ಮೇಲೆ ಗೀಟು ಎಳೆಯಲು ಹೋದಳು.
ಪೆನ್ನು ಹಿಡಿದುಕೊಂಡೆ.
ಸಾಲಲಿಲ್ಲ ಅಂತಲೇ ಬರಿ.
ಎಷ್ಟಿದ್ದವು ಅಂತಲೂ ಬರಿ.

ಎಷ್ಟಿದ್ದವು? ಕೇಳಿದಳು.
ಹೇಳಿದೆ. ಅಂಕಿಯಲ್ಲಿ ಬರೆದುಕೊಂಡಳು.

ಅಂಕಿ ಬೇಡ, ಅಂದೆ. ಅಕ್ಷರದಲ್ಲಿ ಬರಿ.
ನಲವತ್ತೇಳು.