ಕಾಲು ಕಾಣುವ ಜಾಗ

ಉಲ್ಲಾಸ ತಳೇಕರ ರಂಗಮಂದಿರದ ನಕ್ಷೆ ಹರಡಿ ಕೂತಿದ್ದ,
ಹೋದ ಸೀಟಿಗೆಲ್ಲ ಪೆನ್ಸಿಲ್ಲಿನ ಅಡ್ಡಗೀಟು.
"ಅಕ್ಕಾ, ಮುಂದಿನ ಸಾಲೇ ಇದೆ, ಕೊಡಲಾ?"
ಬೇಡ ಅಂದೆ.
ಕಾರವಾರದ ಈ ವೇದಿಕೆ ನನ್ನ ಎದೆಯೆತ್ತರ;
ಮುಂದೆ ಕೂತವರಿಗೆ ಕುಣಿಯುವವರು
ಹರಡಿನಿಂದ ಮೇಲಷ್ಟೇ ಸಿಗುತ್ತಾರೆ,
ಗಜನಿಯ ನೀರಲ್ಲಿ ನಿಂತ ಬೆಳ್ಳಕ್ಕಿಗಳ ಹಾಗೆ.

ದಿನವಿಡೀ ಸೀಟು ಹಂಚುವವಳು ನಾನು,
ಕಾರವಾರ–ಕುಮಟಾ, ಎಂಟು ವರ್ಷ.
ವಾಂತಿ ಬರುವವರಿಗೆ ಕಿಟಕಿ,
ಬಸುರಿಗೆ ಡ್ರೈವರನ ಬೆನ್ನಿನ ಸೀಟು,
ಮೀನಬುಟ್ಟಿಗೆ ಹಿಂಬಾಗಿಲ ಮೂಲೆ,
ನನಗೆ ಕಂಬಿ.
ಹಾಗಾಗಿ ವರ್ಷದ ಆ ನಾಲ್ಕೈದು ರಾತ್ರಿ
ಆರಿಸುವಾಗ ಅವಸರ ಮಾಡುವುದಿಲ್ಲ.
ಹಿಂದಿನ ಸಾಲು ಗೊಣಗಿದರೆ ಗೊಣಗಲಿ.

ಕಲಿಸಿದವಳು ಮಾಂಕಾಳಿ ಅತ್ತೆ.
ಅಂಕೋಲೆಯ ಬಯಲಲ್ಲಿ ಟೆಂಟಿನ ಆಟ;
ಆರಾಮಕುರ್ಚಿಗೊಂದು ದರ, ಕಬ್ಬಿಣದ ಕುರ್ಚಿಗೊಂದು,
ನೆಲಕ್ಕೆ ಪುಡಿಗಾಸು.
ಏಡಿ ಮಾರಿ ಸೆರಗಿನ ಗಂಟು ದಪ್ಪವಿದ್ದ ದಿನವೂ
ಅವಳು ಕೊಳ್ಳುತ್ತಿದ್ದದ್ದು ನೆಲವನ್ನೇ:
ಚೌಕಿಯ ಕಡೆಯ ಕಂಬದ ಬುಡ,
ಗೋಣಿತಾಟು, ತೊಡೆಯ ಮೇಲೆ ನಾನು.
ವೇಷ ರಂಗಕ್ಕೆ ಬರುವ ಮುಂಚಿನ ಒಂದು ಗಳಿಗೆ
ಅಲ್ಲಿಂದ ಮಾತ್ರ ಕಾಣುತ್ತಿತ್ತು.
ಕಿರೀಟ ಹೊತ್ತವ ಬಗ್ಗಿ ಗೆಜ್ಜೆಯ ಗಂಟು ಒತ್ತಿ ನೋಡಿ,
ಬೀಡಿ ಎಸೆದು,
ರಾಜನಾಗುವುದು.
"ಮುಸುಡಿ ಎಲ್ಲರೂ ನೋಡ್ತರೆ," ಅನ್ನುವಳು ಅತ್ತೆ,
"ಬಣ್ಣ ಬಳ್ಕಂಡ್ರೆ ಮುಸುಡಿ ಸುಳ್ಳು ಹೇಳ್ತದೆ.
ಹಿಮ್ಮಡಿಗೆ ಬಣ್ಣ ಹಚ್ಚವ್ರು ಯಾರಿದಾರೆ?"

ಈ ಸಲ ಬಂದದ್ದು ದೂರದೇಶದ ಬ್ಯಾಲೆ, ಎರಡೇ ಪ್ರದರ್ಶನ.
ಐದನೇ ಸಾಲು, ಎಡದ ಅಂಚು ಕೊಡು ಅಂದೆ.
ಆ ಸೀಟಿನ ಸ್ಪ್ರಿಂಗು ಚುಚ್ಚುತ್ತದೆ, ಗೊತ್ತು.

ಗೆಜ್ಜೆಯಿಲ್ಲದ ಕಾಲು.
ಮೊದಮೊದಲು ನನಗೆ ಕಿವಿಗೆ ನೀರು ಹೊಕ್ಕ ಹಾಗೆ.
ಇಡೀ ಹೆಣ್ಣು ಬೆರಳ ತುದಿಯ ಮೇಲೆ;
"ನೆಲ ಸುಡ್ತದೋ ಏನೋ" ಅಂತ ಹಿಂದೆ ಯಾರೋ ನಕ್ಕರು.
ನಡುವಿನ ರಾಣಿಯನ್ನು ಬಿಟ್ಟು
ಸಾಲಿನ ಕೊನೆಯವಳ ಕಾಲಿಗೆ ಕಣ್ಣು ಕಟ್ಟಿದೆ.
ಎಡಗಾಲ ಬೂಟಿನ ತುದಿ ಮಾಸಿತ್ತು,
ರಿಬ್ಬನ್ನಿಗೆ ಬೇರೆ ಬಣ್ಣದ ದಾರದ ಹೊಲಿಗೆ.
ಹಾರಿ ಇಳಿಯುವಾಗ ಪ್ರತಿಸಲ ಕೂದಲೆಳೆಯಷ್ಟು ತಡ.
ಆ ತಡವನ್ನು ಕೈ ಬೀಸಿ ಮುಚ್ಚುತ್ತಿದ್ದಳು,
ಚಿಲ್ಲರೆ ಇಲ್ಲದಾಗ ನಾನು ನಗುವ ಹಾಗೆ.

ಆಗ ಕರೆಂಟು ಹೋಯಿತು.
ಪೆಟ್ಟಿಗೆಯ ಸಂಗೀತ ನಡುಸ್ವರದಲ್ಲೇ ಸತ್ತಿತು.
ಹೊರಗೆ ಜನರೇಟರು ಕೆಮ್ಮಿತು, ಹಿಡಿಯಲಿಲ್ಲ.
ಬಾಗಿಲ ಮೇಲಿನ ಹಸಿರು ದೀಪವೊಂದೇ.
ನಿಲ್ಲುತ್ತಾರೆ ಅಂದುಕೊಂಡೆ.

ಟಕ್. ಟಕಟಕ್. ಟಕ್.
ಹಗುರ ಅಂದುಕೊಂಡದ್ದಕ್ಕೆ ಇಷ್ಟು ತೂಕವಿತ್ತೇ!
ಹದಿನಾರು ಜನರ ಏದುಸಿರು,
ರಂಪಣಿ ಬಲೆ ಎಳೆಯುವಾಗ ದಂಡೆಯಲ್ಲಿ ಕೇಳುವಂಥದು.
ಯಾರೋ ತಮ್ಮ ಭಾಷೆಯಲ್ಲಿ ಮೆಲ್ಲಗೆ ಎಣಿಸುತ್ತಿದ್ದರು.
ಮೂರರ ಲೆಕ್ಕ. ತಿಳಿಯದ ಭಾಷೆ, ತಿಳಿಯುವ ಮೂರು.
ಚಪ್ಪಲಿಯೊಳಗೆ ನನ್ನ ಹೆಬ್ಬೆರಳೂ ಹೊರಟಿತು.
ಆಗಲೇ ಕೇಳಿದ್ದು, ಕೊನೆಯವಳ ಆ ಕೂದಲೆಳೆ:
ಹದಿನೈದು ಜೋಡಿ ಕಾಲು ಅವಳಿಗಾಗಿ ತಡೆದು
ಆಮೇಲೆ ಮೂರನ್ನು ಮುಗಿಸುತ್ತಿದ್ದವು,
ಓಡಿಬರುವ ಮುದುಕಿಯ ಕಂಡು
ನಾನು ಸೀಟಿ ಊದದೆ ನಿಲ್ಲಿಸಿಕೊಳ್ಳುವ ಬಸ್ಸಿನಂತೆ.
ಕತ್ತಲಾಗದಿದ್ದರೆ ಇದು ಯಾವ ಸಾಲಿಂದ ಕಾಣುತ್ತಿತ್ತು?

ಬೆಳಕು ಬಂದಾಗ ಜನ ಚಪ್ಪಾಳೆ ತಟ್ಟಿದರು,
ಕರೆಂಟಿಗೋ ಅವರಿಗೋ ತಿಳಿಯಲಿಲ್ಲ.

ಹೊರಗೆ ಉಲ್ಲಾಸ ನಾಳೆಯ ನಕ್ಷೆ ತೆಗೆದ.
ಎಡಗಡೆಯ ದಪ್ಪ ಕಂಬದ ಹಿಂದೆ,
ವೇದಿಕೆಗೆ ತಾಗಿದ್ದು, ಅಂದೆ.
"ಅದನ್ನ ಮಾರೂದೇ ಇಲ್ಲ ಅಕ್ಕಾ.
ಅಲ್ಲಿಂದ ಏನೂ ಕಾಣೂದಿಲ್ಲ."
ಎಷ್ಟು ಅಂತ ಹೇಳು.
ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಅವನು ಯೋಚಿಸುತ್ತಲೇ ಇದ್ದಾನೆ.
ಐದೂ ನಲವತ್ತರ ಮೊದಲ ಬಸ್ಸು ನನ್ನದೇ,
ಬೇಗ ಹೇಳಿದರೆ ಒಳ್ಳೆಯದು.