ಎಡಗಾಲಿಗೆ ಕೆಲಸವಿಲ್ಲ

ಹನ್ನೊಂದು ವರ್ಷದಿಂದ ಗುಂಡೆಲಾಳ ಪಕ್ಕದಲ್ಲಿ
ಪುಟ ತಿರುವುವವನು ನಾನು.
ಗೋಸ್ಲಾರಿನ ಇಗರ್ಜಿಯ ಅಟ್ಟದ ಮೇಲೆ
ಆರ್ಗನ್ನಿನ ಬೆಂಚಿಗೆ ತಾಗಿ ನಿಂತು
ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು
ಅವಳ ಗದ್ದ ಅಲುಗುವುದನ್ನೇ ಕಾಯುವವನು.
ಕಾರು ಕೊಳ್ಳುವ ದಿನವೂ ನನ್ನನ್ನೇ ಕರೆದಳು.
ಅಲ್ಲಿ ಅವಳ ಎಡಕ್ಕೆ ನಾನು, ಇಲ್ಲಿ ಬಲಕ್ಕೆ;
ಅಷ್ಟೇ ವ್ಯತ್ಯಾಸ ಅಂದುಕೊಂಡೆ.

ಶ್ಲೂಟರನ ಅಂಗಳದಲ್ಲಿ ಎರಡು ನಿಂತಿದ್ದವು
ಒಂದೇ ಬಸಿರಿನವು ಎನ್ನುವ ಹಾಗೆ:
ನಾಲ್ಕು ಬಾಗಿಲು, ಆರು ಸಿಲಿಂಡರು,
ಒದ್ದೆ ಸ್ಲೇಟಿನ ಬೂದು.
ಒಂದಕ್ಕೆ ಮೂರು ಪೆಡಲು, ನಡುವೆ ಚರ್ಮ ಸುತ್ತಿದ ಕೋಲು.
ಇನ್ನೊಂದಕ್ಕೆ ಎರಡೇ ಪೆಡಲು,
ಸ್ಟೀರಿಂಗಿನ ಹಿಂದೆ ಎರಡು ಕಿವಿ.

"ಇದರಲ್ಲಿ ಕ್ಲಚ್ಚೇ ಇಲ್ಲವೆ?"
"ಎರಡಿವೆ ಮೇಡಂ," ಎಂದ ಶ್ಲೂಟರ್.
"ಬೆಸ ಗೇರಿಗೊಂದು, ಸರಿ ಗೇರಿಗೊಂದು.
ಮೂರರಲ್ಲಿ ನೀವು ಓಡುತ್ತಿರುವಾಗಲೇ
ನಾಲ್ಕು ಒಳಗೆ ಟೊಂಕ ಕಟ್ಟಿ ನಿಂತಿರುತ್ತದೆ."
ಅವಳು ನನ್ನ ಕಡೆ ತಿರುಗಿ ನಕ್ಕಳು.
ನನಗೆ ನಗು ಬರಲಿಲ್ಲ.

ಮೊದಲು ಕೋಲಿನದು.
ಒಕರ್ ಕಣಿವೆಯ ತಿರುವು ತಿರುವಿಗೂ
ಅವಳ ಎಡಗಾಲು ಇಳಿದು ಏಳುವಾಗ
ಎರಡು ಗೇರುಗಳ ನಡುವೆ ಒಂದು ಚೂರು ಮೌನ,
ಇಂಜಿನು ಯಾರ ಮನೆಯದೂ ಅಲ್ಲದ ಗಳಿಗೆ.
ಹಾಡುವವರು ಉಸಿರೆಳೆದುಕೊಳ್ಳುವುದು ಅಲ್ಲಿಯೇ.
ಆರ್ಗನ್ನಿಗೆ ಉಸಿರಿನ ಹಂಗಿಲ್ಲ; ಅದಕ್ಕೇ
ಕೆಲವು ಭಾನುವಾರ ಅದು ಇಡೀ ಮೇಳವನ್ನು
ಏದುಸಿರು ಬಿಡಿಸಿ ಎಳೆದೊಯ್ಯುತ್ತದೆ.
ಇಳಿಜಾರಿನಲ್ಲಿ, ಬಲಗಾಲಿನ ತುದಿ ಬ್ರೇಕಿನ ಮೇಲಿರುವಾಗಲೇ
ಹಿಮ್ಮಡಿಯಿಂದ ಇಂಜಿನನ್ನು ಒಮ್ಮೆ ತಟ್ಟಿ ಎಬ್ಬಿಸಿ
ಮೂರರಿಂದ ಎರಡಕ್ಕೆ ಇಳಿಸಿದಳು.
ಆ ಹಿಮ್ಮಡಿ ಪಳಗಿದ್ದು ರಸ್ತೆಯಲ್ಲಲ್ಲ,
ಆರ್ಗನ್ನಿನ ಕೆಳಗಿನ ಮರದ ಪಟ್ಟಿಗಳ ಮೇಲೆ.
"ಇದೇ," ಎಂದೆ. "ಬೇರೆ ಮಾತೇ ಬೇಡ."
ಆಲ್ಟೆನೌ ಊರೊಳಗೆ ಕೆಂಪುದೀಪ.
ಕ್ಲಚ್ಚು ಒತ್ತಿ ನಿಂತ ಮಂಡಿಯನ್ನು ಅವಳು
ಕೈಯಿಂದ ಹಿಡಿದುಕೊಂಡಳು,
ಯಾರದೋ ಮಗುವನ್ನು ಜಾತ್ರೆಯಲ್ಲಿ ಹಿಡಿದುಕೊಂಡ ಹಾಗೆ.

ಆಮೇಲೆ ಕಿವಿಯದು.
ಅದೇ ಕಣಿವೆ, ಅದೇ ಅಣೆಕಟ್ಟು.
ಗೇರು ಬದಲಾದದ್ದನ್ನು ಮುಳ್ಳು ನೋಡಿ ತಿಳಿಯಬೇಕು.
ಹೊಲಿಗೆ ಕಾಣದ ಅಂಗಿ.
ನಾನು ತಪ್ಪು ಹುಡುಕುತ್ತ ಕೂತೆ. ಸಿಕ್ಕಿತು:
ದಿಮ್ಮಿ ಹೊತ್ತ ಲಾರಿಯನ್ನು ದಾಟಬೇಕು,
ನಾವು ಮೂರರಲ್ಲಿ, ಅದು ನಾಲ್ಕನ್ನು ಎತ್ತಿಟ್ಟುಕೊಂಡಿದೆ,
ಅವಳಿಗೆ ಬೇಕಾದದ್ದು ಎರಡು.
ಅರ್ಧ ಚಿಟಿಕೆಯ ಹೊತ್ತು ತಡವರಿಸಿತು.
"ನೋಡಿದೆಯಾ! ಊಹೆ! ಬರೀ ಊಹೆ!
ನೀನು ಕೇಳಿದ್ದಲ್ಲ, ನೀನು ಕೇಳಬಹುದೆಂದು
ಅದಕ್ಕೆ ಅನ್ನಿಸಿದ್ದು!"

ಲಾರಿ ಹಿಂದೆ ಸರಿದ ಮೇಲೆ ಅಂದಳು:
"ಕ್ರಿಸ್ಮಸ್ಸಿನ ಮುಂಚಿನ ಆ ಭಾನುವಾರ
ನೀನು ಎರಡು ಹಾಳೆ ಒಟ್ಟಿಗೆ ತಿರುವಿದೆ."
ಆರು ವರ್ಷವಾಗಿತ್ತು.
ಮರೆತಿದ್ದಾಳೆ ಅಂದುಕೊಂಡಿದ್ದೆ.
"ಎರಡು ಸಾಲು ನಾನೇ ಕಟ್ಟಿ ನುಡಿಸಿದೆ.
ಪಾದ್ರಿ ಬಂದು, ಇವತ್ತಿನದು ಚೆನ್ನಾಗಿತ್ತು ಅಂದರು.
ನಿನ್ನನ್ನೇನು ಕೆಲಸದಿಂದ ತೆಗೆದೆನೆ?"

ಸಹಿ ಹಾಕಿದ್ದು ಕಿವಿಯದಕ್ಕೆ.
ಶ್ಲೂಟರ್ ಕೀಲಿ ಕೊಡುತ್ತ,
ಎಡಗಾಲಿಗೆ ಇನ್ನು ಪಿಂಚಣಿ, ಎಂದ.

ಎಡಗಾಲು ಕೇಳಬೇಕಲ್ಲ.
ತಿರುವು ಬಂದರೆ ಈಗಲೂ ಬರೀ ಚಾಪೆಯನ್ನು ಒತ್ತುತ್ತದೆ;
ಆ ಜಾಗದಲ್ಲಿ ನಾಣ್ಯದಗಲ ನುಣುಪು.
ಬಲಗಡೆ, ಬೆಲ್ಟು ಬಿಗಿದುಕೊಂಡು ನಾನು.
ಅವಳ ಗದ್ದ ಅಲುಗಿದರೆ ಸಾಕು
ಕೈ ತಾನಾಗಿ ಏಳುತ್ತದೆ, ಹಿಡಿಯಲು ಮೂಲೆಯಿಲ್ಲ.
"ಎರಡಕ್ಕೆ," ಎನ್ನುತ್ತೇನೆ.
"ಸುಮ್ಮನಿರು," ಎನ್ನುತ್ತಾಳೆ,
"ಆಗಲೇ ಹಾಕಿದೆ ಅದು."