ಬೇರು ಸಹಿತ

ರಿಪ್ಪನ್‌ಪೇಟೆಯ ನನ್ನ ಕಿರಾಣಿ ಅಂಗಡಿಯಿಂದ
ತಕ್ಕಡಿಯನ್ನು ಜೀಪಿಗೆ ಹತ್ತಿಸಿದರು, ಹಿಂದೆಯೇ ನನ್ನನ್ನೂ.
ಪಂಚನಾಮೆಗೆ ಇಬ್ಬರು ಬೇಕು. ಇನ್ನೊಬ್ಬ ಕ್ಷೌರದಂಗಡಿಯ ನರಸಪ್ಪ,
ಅರ್ಧ ಗಡ್ಡ ಉಳಿದ ಗಿರಾಕಿಯನ್ನು
ಕುರ್ಚಿಯಲ್ಲೇ ಬಿಟ್ಟು ಬಂದವನು.

ಗುತ್ಯಪ್ಪನ ಕೊಟ್ಟಿಗೆಯ ಹಿಂದೆ, ಶುಂಠಿ ಸಾಲಿನ ತುದಿಗೆ
ಎರಡು ಭಂಗಿ ಗಿಡ. ಎದೆಯೆತ್ತರ.
ಮಂಡಿನೋವಿಗೆ ಸ್ವಾಮಿ, ಅಂದ.
ಎತ್ತಿನ ಹೊಟ್ಟೆಯುಬ್ಬರಕ್ಕೆ, ಅಂದ.
ಆಮೇಲೆ ಸಣ್ಣ ದನಿಯಲ್ಲಿ, ನಿದ್ದೆಗೆ.
ರೈಟರು ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

ಕಿತ್ತರು. ಬೇರಿಗಂಟಿ ಬಂತು ಒದ್ದೆ ಕೆಮ್ಮಣ್ಣು.
ಮೂವತ್ತು ವರ್ಷ ತೂಗಿದ ಕೈ ನನ್ನದು:
ಆಲೂಗಡ್ಡೆ, ಸುವರ್ಣಗೆಡ್ಡೆ, ಹಸಿಶುಂಠಿ
ಯಾವುದನ್ನೂ ಮಣ್ಣು ಕೊಡವದೆ ತಟ್ಟೆಗಿಟ್ಟವನಲ್ಲ.
ಅಭ್ಯಾಸಬಲ, ಕಲ್ಲಿಗೆ ಒಮ್ಮೆ ತಟ್ಟಿದೆ.
‘ಏನ್ ಪೈಗಳೇ, ಇದ್ದಂಗೇ ತೂಗಿ’ ಅಂದರು ಸಾಹೇಬರು.

ಒಂದು ಕಿಲೋ ನೂರ ನಲವತ್ತು ಗ್ರಾಂ.
ಕಿಲೋ ದಾಟಿದರೆ ಲೆಕ್ಕವೇ ಬೇರೆಯಂತೆ,
ನರಸಪ್ಪ ಕಿವಿಯಲ್ಲಿ ಹೇಳಿದ.
ಆ ನೂರ ನಲವತ್ತು ಏನೆಂದು
ತಕ್ಕಡಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.
‘ಎಲೆ, ಕಾಂಡ, ಬೇರು ಸಹಿತ’ ಎಂದಿದ್ದ ಸಾಲಿನ ಕೆಳಗೆ
ಸಹಿ ಹಾಕಿದೆ.

ಮೊನ್ನೆ ಬೆಲ್ಲ ಕಟ್ಟುವಾಗ ಹಳೇ ಪೇಪರಿನ ತುಂಡಲ್ಲಿ
ಯಾವುದೋ ದೇಶದ ಸುದ್ದಿ.
ಅಲ್ಲಿಯ ಶಾಸನಸಭೆ ಕೂತು, ಚರ್ಚಿಸಿ, ಕೈಯೆತ್ತಿ ಒಪ್ಪಿದೆ:
ಭಂಗಿ ಅಂಗಡಿಗೆ ಗಿರಾಕಿ ಒಳಬರಬೇಕೆಂದಿಲ್ಲ,
ಕಾರು ರಸ್ತೆಬದಿಗೆ ಹಾಕಿ ಗಾಜು ಇಳಿಸಿದರೆ ಸಾಕು,
ಅಂಗಡಿಯವನೇ ಹೊರಬಂದು ಪೊಟ್ಟಣ ಕೊಡತಕ್ಕದ್ದು.
ಗುರುತಿನ ಚೀಟಿ ನೋಡಿ. ರಸೀದಿ ಹರಿದು.
ಬಾಗಿಲಿನಿಂದ ಎಷ್ಟು ಹೆಜ್ಜೆ ಎಂಬುದಕ್ಕೂ ಒಂದು ಉಪನಿಯಮ.
ಎಷ್ಟು ಹೆಜ್ಜೆಯೋ, ಅಲ್ಲಿಗೆ ಹರಿದಿತ್ತು.

ಕೊರೋನಾ ಕಾಲದಲ್ಲಿ ನಾನೂ ಸುಣ್ಣದ ಗೆರೆ ಎಳೆದು
ರಸ್ತೆಗಿಳಿದು ಅಕ್ಕಿ ಕೊಟ್ಟವನೇ.
ಎದುರಿನ ಬ್ರಾಂದಿ ಅಂಗಡಿಗೂ ಸರ್ಕಾರವೇ
ವೃತ್ತ ಬರೆಸಿಕೊಟ್ಟಿತ್ತು, ನನ್ನದಕ್ಕಿಂತ ದುಂಡಗೆ.
ಗುತ್ಯಪ್ಪ ನನ್ನ ಗೆರೆಯಾಚೆ ಚೀಲ ಹಿಡಿದು ನಿಂತಿದ್ದ.
ಬೆರಳೂ ದಾಟಿಸಲಿಲ್ಲ.

ಈಗ ತಾರೀಖು ಇದ್ದ ದಿನ ಶಿವಮೊಗ್ಗ ಕೋರ್ಟಿಗೆ
ಏಳೂವರೆ ಬಸ್ಸಲ್ಲಿ ಹೋಗುತ್ತಾನೆ.
ಬಸ್ಸು ನಿಲ್ಲುವುದು ನನ್ನ ಅಂಗಡಿ ಮುಂದೆಯೇ.
ಮಂಡಿ ಬಗ್ಗದು, ಇಳಿಯಲಾರ;
ಕಿಟಕಿಯಿಂದ ಒಂದು ಕೈ ಹೊರಬರುತ್ತದೆ.
ನಾನು ಗಲ್ಲಾ ಬಿಟ್ಟೆದ್ದು
ಹೊಗೆಸೊಪ್ಪು, ಸುಣ್ಣದ ಡಬ್ಬಿ ಕೊಂಡೊಯ್ದು ಇಡುತ್ತೇನೆ ಆ ಕೈಗೆ.
ತೂಗುವುದಿಲ್ಲ.
ಎಷ್ಟಾಯ್ತು ಅನ್ನುತ್ತಾನೆ.
ಅಷ್ಟರಲ್ಲಿ ಕಂಡಕ್ಟರು ಸೀಟಿ ಊದಿರುತ್ತಾನೆ.